ಮೇಸ್ತ್ರಿಯ ಸೈಕಲ್ ಚೈನು

ನಮ್ಮ ದೊಡ್ಡಮ್ಮನನ್ನು ಬೀದಿಯ ಮಕ್ಕಳು ಕರೆಯುವುದು ಪೀಂಪೀಂ ಅಜ್ಜಿ ಎಂದು. ಉಂಗುರ ಕಳೆದುಕೊಂಡವರು, ಮಣ್ಣಲ್ಲಿ ಮುಚ್ಚಿಹೋದ ನೀರಿನ ವಾಲ್ವು ಹುಡುಕುವವರು ಅವಳ ಮನೆಗೆ ಬರುತ್ತಾರೆ. ಅವಳು ಲೋಹ ಹುಡುಕುವ ಯಂತ್ರವನ್ನು ಹೆಗಲಿಗೇರಿಸಿ ಹೊರಡುತ್ತಾಳೆ. ಕೆಲಸದಲ್ಲಿ ಎತ್ತಿದ ಕೈ. ಮನಸ್ಸು ಮಾತ್ರ ಅಷ್ಟು ಒಳ್ಳೆಯದಲ್ಲ. ಅವಳಿಗೊಂದು ಹಗೆಯಿತ್ತು, ಅದನ್ನು ಹಾಲೆರೆದು ಸಾಕಿದ್ದಳು. ನಾನೂ ಆಗಾಗ ಒಂದು ಲೋಟ ಸುರಿದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ದೊಡ್ಡಪ್ಪ ಎರಕದ ಕಾರ್ಖಾನೆಯಲ್ಲಿ ಅಚ್ಚು ಮಾಡುತ್ತಿದ್ದರು. ಒಂದು ದಿನ ಉಗ್ರಾಣದಿಂದ ಕಂಚಿನ ಬುಶ್ಶುಗಳು, ಅಂದರೆ ಯಂತ್ರಗಳಿಗೆ ತೊಡಿಸುವ ಬಳೆಗಳು, ಕಾಣೆಯಾದವು. ಉಗ್ರಾಣದ ಹತ್ತಿರ ದೊಡ್ಡಪ್ಪ ಸುಳಿದಾಡುತ್ತಿದ್ದರು ಎಂದು ಹೇಳಿದವನು ಮೇಸ್ತ್ರಿ. ಸಾಲದ್ದಕ್ಕೆ, "ನನ್ನ ಸೈಕಲ್ಲಿಗೆ ಬಿಗಿದಿದ್ದ ಬೀಗ ಮುರಿದು ಚೈನೂ ಎತ್ಕೊಂಡು ಹೋಗಿದಾನೆ" ಎಂದು ಎಲ್ಲರೆದುರು ಗೋಳಾಡಿದ. ಗೇಟಿನಲ್ಲಿ ಒಬ್ಬೊಬ್ಬರನ್ನೂ ತಡಕಿದರು, ಏನೂ ಸಿಗಲಿಲ್ಲ. ಪೊಲೀಸರಿಗೆ ಕೊಡಲು ಸಾಕ್ಷಿಯಿಲ್ಲದೆ ದೊಡ್ಡಪ್ಪನನ್ನು ಕೆಲಸದಿಂದ ತೆಗೆದು ಕೈತೊಳೆದುಕೊಂಡರು. ಜೈಲಿಗೆ ಹೋದವನಿಗೆ ಒಂದು ದಿನ ಬಿಡುಗಡೆಯಾದರೂ ಇದೆ, ಜನರ ಬಾಯಿಗೆ ಸಿಕ್ಕವನಿಗೆ ಅದೂ ಇಲ್ಲ. ದೊಡ್ಡಪ್ಪ ಮನೆಯೆದುರಿನ ಮೆಟ್ಟಿಲ ಮೇಲೆ ಕೂರುವುದನ್ನು ಬಿಟ್ಟರು. ಕ್ಷೌರಕ್ಕೆ ಹೋಗುವುದಕ್ಕೂ ಹಿಂಬಾಗಿಲನ್ನೇ ಹಿಡಿದರು.

"ಇವರು ಮುಂಬಾಗಿಲಲ್ಲಿ ಕೂರೋದನ್ನ ನೋಡದೆ ನಾನು ಸಾಯಲ್ಲ" ಎಂದು ದೊಡ್ಡಮ್ಮ ಹೇಳುತ್ತಿದ್ದಳು. ಹೊಟ್ಟೆಪಾಡಿಗೆ ಈ ಯಂತ್ರ ಹಿಡಿದದ್ದೂ ಆಗಲೇ.

ಕಾಲ ಕಳೆದು ಕಾರ್ಖಾನೆ ಮುಚ್ಚಿತು. ಹಿಂದಿನ ಅಂಗಳವನ್ನು ಮೇಸ್ತ್ರಿ ಕೊಂಡುಕೊಂಡ. ಆಮೇಲೊಂದು ಬೆಳಿಗ್ಗೆ ಅವನೇ ನಮ್ಮ ಮನೆ ಬಾಗಿಲಿಗೆ ಬಂದ. ಬೇಲಿ ಹಾಕಿಸುವಾಗ ಮಗಳ ಉಂಗುರ ಬಿದ್ದುಹೋಯಿತಂತೆ, ಅಕ್ಕ ಬಂದು ಹುಡುಕಿಕೊಡಬೇಕಂತೆ. ಬೇರೆ ಯಾರಾಗಿದ್ದರೂ ಮುಖಕ್ಕೆ ಬಾಗಿಲು ಹಾಕುತ್ತಿದ್ದರು. ದೊಡ್ಡಮ್ಮ ಚಪ್ಪಲಿ ಮೆಟ್ಟಿಕೊಂಡಳು.

ಆ ನೆಲ ಅಂದರೆ ನೆಲವೇ ಅಲ್ಲ. ಎರಕದ ಕಪ್ಪು ಮರಳು, ಕುಲುಮೆಯಿಂದ ಬಳಿದು ಸುರಿದ ಕಿಟ್ಟ, ಕಬ್ಬಿಣದ ಪುಡಿ. ಯಂತ್ರ ಚಾಲೂ ಮಾಡಿದ್ದೇ ತಡ, ಹುಚ್ಚು ಹಿಡಿದಂತೆ ಅರಚತೊಡಗಿತು. ದೊಡ್ಡಮ್ಮ ಗದ್ದಲ ಕಡಿಮೆಯಿದ್ದ ಒಂದು ಜಾಗ ಹುಡುಕಿ, ಯಂತ್ರದ ಕೋಲಿನ ತುದಿಯ ತಟ್ಟೆಯನ್ನು ನೆಲಕ್ಕೆ ತಾಗಿಸುವಂತೆ ಇಳಿಸುತ್ತ ಎತ್ತುತ್ತ, ಮಣ್ಣಿನ ಗುಂಯ್‌ಗುಡುವಿಕೆ ಅಡಗುವವರೆಗೂ ಗುಂಡಿ ತಿರುಗಿಸಿದಳು. ಆಮೇಲೆ ಯಂತ್ರದ ಕಿವಿ ತಗ್ಗಿಸಿದಳು. ಅದರ ಸೂಕ್ಷ್ಮತೆಗೆ ಅವಳು ಕಿವಿ ಎನ್ನುತ್ತಾಳೆ. ಕಿಟ್ಟದ ನೆಲದಲ್ಲಿ ಎಲ್ಲವನ್ನೂ ಕೇಳಹೊರಟರೆ ಏನೂ ಕೇಳಿಸುವುದಿಲ್ಲ.

"ಚಿಕ್ಕ ತಟ್ಟೆ ಬೇಡಕ್ಕ, ದೊಡ್ಡದು ಹಾಕಿ" ಎಂದ ಮೇಸ್ತ್ರಿ. "ಮೊಣಕಾಲುದ್ದ ಆಳದವರೆಗೂ ನೋಡ್ಬೇಕು."

"ಉಂಗುರ ಬಿದ್ದಿದ್ದು ಯಾವಾಗ?"

"ಮೊನ್ನೆ."

"ಮೊನ್ನೆ ಬಿದ್ದ ಉಂಗುರ ಅಷ್ಟು ಕೆಳಗೆ ಇಳಿಯೋಕೆ ಅದೇನು ಎರೆಹುಳಾನಾ ಮೇಸ್ತ್ರಿಗಳೇ?"

ಅವನು ನಕ್ಕು ಕುತ್ತಿಗೆಯ ಬೆವರು ಒರೆಸಿಕೊಂಡ. ದೊಡ್ಡಮ್ಮ ನಗಲಿಲ್ಲ. ದೊಡ್ಡ ತಟ್ಟೆ ಹಾಕಿದಳು, ಹೊರಗೆ ಸದ್ದು ಕೇಳದ ಹಾಗೆ ಹೆಡ್‌ಫೋನ್ ಏರಿಸಿಕೊಂಡಳು.

ಹಳೆಯ ಗೋಡೆಯ ಬಳಿ ಬೇರೆಯದೇ ಒಂದು ದನಿ ಸಿಕ್ಕಿತು. ಕಿಟ್ಟದ ಸದ್ದು ಈ ಕಡೆಯಿಂದ ಬಂದರೆ ಆ ಕಡೆಯಿಂದ ಬರುವುದಿಲ್ಲ, ಅಡ್ಡ ತಿರುಗಿ ಬೀಸಿದರೆ ಯಂತ್ರದ ಪರದೆಯ ಅಂಕಿ ಕುಣಿಯುತ್ತದೆ. ಇದು ಹಾಗಲ್ಲ. ಯಾವ ದಿಕ್ಕಿನಿಂದ ಬೀಸಿದರೂ ಅದೇ ದುಂಡು ದನಿ, ಅದೇ ಕಂಚಿನ ಅಂಕಿ. ಆದರೆ ಅದರ ಸುತ್ತ ಕಬ್ಬಿಣದ ಚಿಟಪಟ. ದೊಡ್ಡಮ್ಮ ಮತ್ತೆ ಚಿಕ್ಕ ತಟ್ಟೆ ಹಾಕಿ ಆ ಚಿಟಪಟದ ಜಾಡು ಹಿಡಿದಳು. ಒಂದು ಬಾಲ ಹೊರಗೆ ಚಾಚಿತ್ತು, ಉಳಿದದ್ದು ಕಂಚನ್ನು ಸುತ್ತಿಕೊಂಡಿತ್ತು. ಮೊಳೆ ಹಾಗೆ ಸುತ್ತಿಕೊಳ್ಳುವುದಿಲ್ಲ. ಚೈನು ಸುತ್ತಿಕೊಳ್ಳುತ್ತದೆ.

"ಅವನ ಚೈನೇ ಅಂತ ಗೊತ್ತಾಗೋಯ್ತು ಕಣೇ" ಎಂದು ಆಮೇಲೆ ನನಗೆ ಹೇಳಿದಳು. "ಅಲ್ಲೇ ಅವನ ಕುತ್ತಿಗೆ ಹಿಚುಕಬೇಕು ಅನ್ನಿಸ್ತು."

"ಏನಾದ್ರೂ ಸಿಕ್ತಾ?" ಎಂದ ಮೇಸ್ತ್ರಿ.

"ಬರೀ ಕಿಟ್ಟ. ನಾಳೆ ಬರ್ತೀನಿ."

ಮರುದಿನ ಅವಳು ಒಬ್ಬಳೇ ಹೋಗಲಿಲ್ಲ. ಕಾರ್ಖಾನೆಯ ಹಳೆಯ ಕೆಲಸಗಾರರ ಮನೆಮನೆಗೂ ಹೋಗಿ, ಮೇಸ್ತ್ರಿಯ ಮಗಳ ಉಂಗುರ ಹುಡುಕಬೇಕು, ಗುದ್ದಲಿ ತನ್ನಿ ಎಂದು ಕರೆದು ತಂದಳು. ನಾನೂ ಹೋದೆ. ಜ್ವರ ಬಂದಿದ್ದರೂ ಹೋಗುತ್ತಿದ್ದೆ.

"ಇಷ್ಟು ಜನ ಯಾಕಕ್ಕ?" ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು.

"ಹೆಣ್ಣುಮಗಳ ಉಂಗುರ ಅಲ್ವಾ, ಎಲ್ಲರಿಗೂ ಹೊಟ್ಟೆ ಉರಿಯುತ್ತೆ."

ಕುಲುಮೆ ನೋಡಿಕೊಳ್ಳುತ್ತಿದ್ದ ಮುದುಕರೊಬ್ಬರು ಮೊದಲ ಗುದ್ದಲಿ ಹಾಕಿದರು. ಕೊಳೆತ ಗೋಣಿಚೀಲ ಮೇಲೆ ಬಂತು, ಒಳಗೆ ಹಸಿರು ಹಿಡಿದ ಬುಶ್ಶುಗಳು, ಚೀಲಕ್ಕೆ ಬಿಗಿದ ಸೈಕಲ್ ಚೈನು, ಚೈನಿಗೆ ಗಟ್ಟಿ ಹಿತ್ತಾಳೆ ಬೀಗ.

"ನೋಡಿದ್ರಾ, ಅವತ್ತೇ ಹೇಳಿದ್ದೆ, ಇವಳ ಗಂಡನೇ ಹೂತಿಟ್ಟಿದ್ದು, ನನ್ನ ಚೈನಿಂದಾನೇ" ಎಂದುಬಿಟ್ಟ ಮೇಸ್ತ್ರಿ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡ.

ದೊಡ್ಡಮ್ಮ ಬೀಗವನ್ನು ಎತ್ತಿ ಹಿಡಿದಳು. "ಬೀಗ ಮುರಿದು ಚೈನು ಕದ್ದ ಅಂದಿದ್ರಿ. ಇದು ಮುರಿದಿಲ್ವಲ್ಲ. ಸೈಕಲ್ಲಿಂದ ಇದನ್ನ ಬಿಚ್ಚಿದ ಕೀಲಿ ಯಾರ ಹತ್ರ ಇತ್ತು?"

ಮೇಸ್ತ್ರಿಯ ಸೊಂಟದ ಕೀಲಿಗೊಂಚಲು ಎಲ್ಲರಿಗೂ ಗೊತ್ತು, ಸ್ನಾನಕ್ಕೂ ಬಿಚ್ಚಿಡದವನು. ಮುದುಕರು ಬೀಗಕ್ಕೆ ಎಣ್ಣೆ ಬಿಟ್ಟು ಗೊಂಚಲಿಗೆ ಕೈ ಚಾಚಿದರು. ಮೂರನೆಯ ಕೀಲಿಗೆ ಬೀಗ ತೆರೆಯಿತು. ಚೀಲವನ್ನು ಸೈಕಲ್ಲಿಗೆ ಕಟ್ಟಿ ಸಾಗಿಸಬೇಕೆಂದಿದ್ದಾಗ ಗೇಟಿನ ತಪಾಸಣೆ ಶುರುವಾಯಿತೆಂದು, ಗಾಬರಿಯಲ್ಲಿ ಹಾಗೇ ಹೂತೆನೆಂದು, ಮರುವಾರ ಅಂಗಳಕ್ಕೆ ಕಿಟ್ಟ ಸುರಿದು ರೋಲರ್ ಹೊಡೆದದ್ದರಿಂದ ಗುರುತೇ ಸಿಗಲಿಲ್ಲವೆಂದು, ಉಂಗುರ ಬರೀ ನೆಪವೆಂದು ಅವನೇ ಬಾಯಿಬಿಟ್ಟ.

"ವಯಸ್ಸಾಯ್ತಕ್ಕ, ಬಿಟ್ಬಿಡಿ."

"ನಮ್ಮ ಮನೆಯವರಿಗೂ ಆಯ್ತು. ಮನೆ ಒಳಗೇ ಆಯ್ತು."

ಅವಳು ಬಿಡಲಿಲ್ಲ. ಚೈನನ್ನು ಅವನ ಹೆಗಲಿಗೇ ಹಾಕಿಸಿ, ಸಂತೆ ಬೀದಿಯಲ್ಲಿ ನಮ್ಮ ಮನೆಯವರೆಗೂ ನಡೆಸಿದಳು. ದೊಡ್ಡಪ್ಪನೆದುರು "ಕದ್ದಿದ್ದು ನಾನೇ" ಎಂದು ಹೇಳಿಸಿದಳು, ಕೇಳಿಸಲಿಲ್ಲ ಎಂದು ಇನ್ನೊಮ್ಮೆ ಹೇಳಿಸಿದಳು. ದೊಡ್ಡಪ್ಪ ಅವನನ್ನು ನೋಡಿ "ಸರಿ, ಹೋಗು" ಎಂದರು. ಅಂದು ಸಂಜೆ ಹೋಗಿ ಮುಂದಿನ ಮೆಟ್ಟಿಲ ಮೇಲೆ ಕೂತರು.

ಚೈನನ್ನು ದೊಡ್ಡಮ್ಮ ನಮ್ಮ ಗೇಟಿಗೆ ನೇತುಹಾಕಿದ್ದಾಳೆ. ಮೇಸ್ತ್ರಿ ಎಲ್ಲಿಗೆ ಹೋಗಬೇಕಾದರೂ ಅದರ ಮುಂದೆಯೇ ಹಾಯಬೇಕು. ಕೇಳಿದವರಿಗೆಲ್ಲ ಕಥೆ ಹೇಳುತ್ತಾಳೆ, ಕೇಳದವರಿಗೂ ಹೇಳುತ್ತಾಳೆ.

"ಸಾಕು ಕಣೇ, ತೆಗಿ ಅದನ್ನ" ಎನ್ನುತ್ತಾರೆ ದೊಡ್ಡಪ್ಪ.

"ತುಕ್ಕು ಹಿಡಿದು ತಾನಾಗೇ ಉದುರಿದ ದಿನ ತೆಗೀತೀನಿ" ಎನ್ನುತ್ತಾಳೆ.

ಪ್ರತಿ ವಾರ ಅದಕ್ಕೆ ಎಣ್ಣೆ ಹಚ್ಚುತ್ತಾಳೆ. ಅವಳಿಗೆ ಕೈ ನೋವಿರುವ ವಾರ ನಾನು ಹಚ್ಚುತ್ತೇನೆ.