ಬಣ್ಣ ಬಿಡದ ಗಾಜು

ಲಟಕ್, ಲಟಕ್. ಒಳಗೆ ಅವ್ವ ರಂಗಮ್ಮನ ಮಗ್ಗ ಬೆಳಗಿನಿಂದ ಒಂದೇ ಸಮ ಸದ್ದು ಮಾಡುತ್ತಿತ್ತು. ಜಗುಲಿಯ ಮೇಲೆ ಕುಳಿತ ರುದ್ರಾಣಿ ಅಂದು ರಾಟೆ ಮುಟ್ಟಿರಲಿಲ್ಲ. ಅವಳ ಮುಂದೆ ಚಾಪೆಯ ಮೇಲೆ ಎರಡು ಕ್ಯಾಮೆರಾಗಳಿದ್ದವು. ಒಂದು ಹಳೆಯದು, ಜರ್ಮನಿಯ ರೋಲಿಕಾರ್ಡ್. ಇನ್ನೊಂದು ಹೊಸದು, ಜಪಾನಿನ ಯಾಶಿಕಾ. ಎರಡಕ್ಕೂ ಒಂದರ ಮೇಲೊಂದು ಎರಡೆರಡು ಗಾಜಿನ ಕಣ್ಣು. ಅವು ಅವಳನ್ನು ನೋಡುತ್ತಿದ್ದವು. ಅವಳೂ ಅವನ್ನು ನಂಬದೆ ನೋಡುತ್ತಿದ್ದಳು.

ಅನುಮಾನ ಅವಳಿಗೆ ಅಪ್ಪನಿಂದ ಬಂದದ್ದು. ಅವಳು ಚಿಕ್ಕವಳಿದ್ದಾಗ ಯಾರೋ ವ್ಯಾಪಾರಿ ಅಪ್ಪನಿಗೆ ಸುಳ್ಳು ಜರಿ ಮಾರಿದ್ದ. ಯಾರದೋ ಮದುವೆಗೆ ನೇಯ್ದ ಸೀರೆಯ ಅಂಚು ಕಪ್ಪಾಗಿ, ಬೈಗುಳದ ಜೊತೆ ಮನೆಗೆ ವಾಪಸು ಬಂತು. ಆಮೇಲೆ ಆ ಮನೆಯಲ್ಲಿ ಪರೀಕ್ಷೆಯಾಗದ ಒಂದು ಎಳೆಯೂ ಮಗ್ಗ ಏರಲಿಲ್ಲ. ಬಣ್ಣದ ರೇಷ್ಮೆ ಬಂದರೆ ಒಗೆಯುವ ಸೋಡಾ ಬೆರೆಸಿದ ನೀರಿನಲ್ಲಿ ನೆನೆಸಿ ಬಿಳಿ ಬಟ್ಟೆಯಿಂದ ಉಜ್ಜುವುದು. ಬಟ್ಟೆಗೆ ಬಣ್ಣ ಹತ್ತಿದರೆ ಮಾಲು ವಾಪಸು. ರುದ್ರಾಣಿ ಇದೇ ಕಣ್ಣಿನಿಂದ ಲೋಕವನ್ನೆಲ್ಲ ನೋಡಿದಳು. ತನ್ನನ್ನು ನೋಡಲು ಬಂದ ಗಂಡುಗಳಲ್ಲಿ ಒಬ್ಬನ ನಗು, ಇನ್ನೊಬ್ಬನ ಮೌನ, ಯಾವುದೂ ಅವಳಿಗೆ ಸರಿಕಾಣಲಿಲ್ಲ. ಅವ್ವ ಮದುವೆಗೆಂದು ನೇಯ್ದ ಎರಡು ರೇಷ್ಮೆ ಸೀರೆ ಪೆಟ್ಟಿಗೆಯಲ್ಲೇ ಉಳಿದವು.

ದೇವಣ್ಣನ ಸ್ಟುಡಿಯೋದಲ್ಲಿ ಅವಳಿಗೆ ಕೆಲಸ. ಹೆಣ್ಣುಮಕ್ಕಳ ತಲೆ ಬಾಚಿ, ಸೆರಗು ಸರಿಮಾಡಿ, ಕುರ್ಚಿಯಲ್ಲಿ ಕೂರಿಸಬೇಕು. ದೇವಣ್ಣ ಎದುರು ಬಂದು ನಿಂತೊಡನೆ ಹುಡುಗಿಯರ ಮುಖ ಕಲ್ಲಾಗುತ್ತಿತ್ತು. ಗಂಡಿನ ಮನೆಗೆ ಕಳಿಸಬೇಕಾದ ಫೋಟೋದಲ್ಲಿ ಎಷ್ಟೋ ಜನ ಜ್ವರ ಬಂದವರಂತೆ ಕಾಣುತ್ತಿದ್ದರು. “ನೀನೇ ಮನೆಗೆ ಬಂದು ತೆಗೆದ್ಬುಡವ್ವ” ಎಂದು ತಾಯಂದಿರು ಅವಳ ಕಿವಿಯಲ್ಲಿ ಹೇಳತೊಡಗಿದರು. ಮಾಂಬಳ್ಳಿಯ ಶಿವರತ್ನಮ್ಮ ಮಗಳ ಫೋಟೋಗೆಂದು ಶುಕ್ರವಾರ ಬರಲು ಹೇಳಿಯೇಬಿಟ್ಟಿದ್ದರು. ಸ್ವಂತ ಕ್ಯಾಮೆರಾ ಇದ್ದರೆ ಮನೆಮನೆಗೆ ಹೋಗಿ ಬದುಕಬಹುದು. ಆದರೆ ಅವಳ ಬಂಡವಾಳ ಪೆಟ್ಟಿಗೆಯ ಆ ಎರಡು ಸೀರೆ ಮಾತ್ರ. ಅದಕ್ಕೆ ಬರುವುದು ಒಂದು ಕ್ಯಾಮೆರಾ. ಅದು ಕೆಟ್ಟದ್ದಾದರೆ ಮತ್ತೆ ದೇವಣ್ಣನ ಬಾಚಣಿಗೆಯೇ ಗತಿ.

ರೋಲಿಕಾರ್ಡ್ ದೇವಣ್ಣನದೇ. “ಜರ್ಮನಿ ಮಾಲು ಕಣವ್ವ, ಗಾಜು ತಿಳಿನೀರಿದ್ದಂಗದ. ಆ ಜಪಾನ್ ಪೆಟ್ಗೆ ಕಣ್ಣು ಯಾಕೆ ನೀಲಿ ಅಂತ ತಂದವನ್ನೇ ಕೇಳು. ಕೆಟ್ಟ ಗಾಜಿಗೆ ಬಣ್ಣ ಬಳ್ದವ್ರೆ” ಎಂದಿದ್ದ. ತನ್ನ ಗಿರಾಕಿಗಳನ್ನೇ ಕರೆದೊಯ್ಯುವವಳಿಗೆ ಈತ ಕ್ಯಾಮೆರಾ ಮಾರುವುದೇಕೆ? ರುದ್ರಾಣಿಗೆ ಆ ಒಳ್ಳೆಯತನ ಹಿಡಿಸಲಿಲ್ಲ.

ಯಾಶಿಕಾ ತಂದವನು ವೆಂಕಟಸ್ವಾಮಿ, ಅವರ ಸೀರೆಗಳನ್ನು ಮೈಸೂರಿಗೂ ಸೇಲಂಗೂ ಒಯ್ದು ಮಾರುವವನು. “ಅವ್ರುದು ತಾತನ ಕಾಲದ್ದು ಕಣಕ್ಕ. ಇದ್ರುದು ಡಬ್ಬಿ ವಾಸ್ನೆನೇ ಇನ್ನೂ ಓಗಿಲ್ಲ” ಎಂದ. ರಸೀದಿ ಕೇಳಿದರೆ ಸೂರು ನೋಡಿದ. ಒತ್ತೆಯಾಗಿ ಎರಡೂ ಸೀರೆ ಒಯ್ದು, ಶುಕ್ರವಾರ ಬರುತ್ತೇನೆಂದು ಹೋದ.

ಎರಡರಲ್ಲೂ ಒಂದೊಂದು ರೋಲು ಫೋಟೋ ತೆಗೆದು ನೋಡಬಹುದಿತ್ತು. ಆದರೆ ಊರಲ್ಲಿ ಅವಳು ಬಲ್ಲ, ರೋಲು ತೊಳೆಯುವ ಕತ್ತಲೆ ಕೋಣೆ ದೇವಣ್ಣನದೊಂದೇ. ಅವನು ತನ್ನ ಮಾಲಿನ ರೋಲನ್ನು ಚೆನ್ನಾಗಿ ತೊಳೆದು, ಇನ್ನೊಂದನ್ನು ಕೆಡಿಸಿಬಿಟ್ಟರೆ? ಅವಳು ಎದ್ದು ಬಟ್ಟಲಲ್ಲಿ ಸೋಡಾ ನೀರು ತಂದಳು.

ರಂಗಮ್ಮ ಮಗ್ಗ ನಿಲ್ಲಿಸಿ ಇಣುಕಿದಳು. “ಇದೇನೇ, ಕ್ಯಾಮೆರಾಕ್ಕೆ ಎಣ್ಣೆನೀರಾ?”

“ಬಣ್ಣ ಬಿಡ್ತದಾ ನೋಡ್ತೀನವ್ವ.”

“ನೋಡಕ್ ಬಂದ ಗಂಡುಗಳ್ನೂ ಇಂಗೇ ನೆನೆಸಿ ಉಜ್ಜಬೇಕಿತ್ತು ನೀನು.”

“ಉಜ್ಜಿದ್ರೆ ಒಬ್ಬನ್ ಬಣ್ಣವೂ ನಿಲ್ತಿರ್ಲಿಲ್ಲ, ಓಗವ್ವ.”

ಯಾಶಿಕಾದ ಕೆಳಗಿನ ಕಣ್ಣು, ಚಿತ್ರ ಹಿಡಿಯುವ ಕಣ್ಣು, ಪಾರಿವಾಳದ ಕೊರಳಿನಂತೆ ಹೊಳೆಯುತ್ತಿತ್ತು. ಒದ್ದೆ ಬಟ್ಟೆಯಿಂದ ಉಜ್ಜಿದಳು. ಬಟ್ಟೆ ಬೆಳ್ಳಗೇ ಇತ್ತು. ಬೇರೆಯವರಿಗೆ ಅಲ್ಲಿಗೆ ಸಮಾಧಾನವಾಗುತ್ತಿತ್ತು. ಅವಳಿಗೆ ಅನುಮಾನ ಹೆಚ್ಚಾಯಿತು. ಇಷ್ಟು ಬಿಗಿಯಾಗಿ ಬಳಿದಿದ್ದಾರೆಂದರೆ ಒಳಗೆ ಮುಚ್ಚಿಟ್ಟದ್ದು ದೊಡ್ಡದೇ ಇರಬೇಕು. ಬೆಳ್ಳಿ ದೀಪ ಬೆಳಗುವ ಬೂದಿ ತಂದು, ಬೆರಳಿಗೆ ಬಟ್ಟೆ ಸುತ್ತಿ ತಿಕ್ಕಿದಳು. ಬಿಸಿಲಿಗೆ ಹಿಡಿದಾಗ ಗಾಜಿನ ತುಂಬ ಕೂದಲೆಳೆಯಂಥ ಗೀರುಗಳು. ನಡುವೆ ನೀಲಿ ಮಾಸಿತ್ತು. ಅದರಡಿಯಲ್ಲಿ ಬಚ್ಚಿಟ್ಟದ್ದು ಏನೂ ಇರಲಿಲ್ಲ. ಉಜ್ಜಿದ್ದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಶುಕ್ರವಾರ ಬೆಳಿಗ್ಗೆ ವೆಂಕಟಸ್ವಾಮಿ ಬಂದ. ರುದ್ರಾಣಿ ಗೀರಿನ ಮಾತೆತ್ತದೆ ಕ್ಯಾಮೆರಾವನ್ನು ಅವನ ಕೈಗಿತ್ತು, ಮುಖ ನೋಡುತ್ತ ನಿಂತಳು. ಅವನು ಅದನ್ನು ಅತ್ತಿತ್ತ ತಿರುಗಿಸಿದ.

“ನೋಡಕ್ಕ, ಗಾಜು ಹೆಂಗದ! ಒಂದು ಗೀರು ತೋರ್ಸು ನೋಡಾನ!”

ಅಷ್ಟರಲ್ಲಿ ಉತ್ತರ ಕೇಳಲು ದೇವಣ್ಣನೂ ಬಂದ. ಯಾಶಿಕಾವನ್ನು ವೆಂಕಟಸ್ವಾಮಿಯ ಕೈಯಿಂದ ಇಸಿದುಕೊಂಡು ಬೆಳಕಿಗೆ ಎತ್ತಿದವನೇ ಹೌಹಾರಿದ.

“ಅಯ್ಯಯ್ಯೋ! ಯಾರವ್ವ ಇದ್ನ ಉಜ್ಜಿದ್ದು? ಬಿಸಿಲಿನ ಹೊಳಪು ತಡೆಯೋ ಬಣ್ಣ ಕಣವ್ವ ಅದು! ಎಂಥ ಗಾಜು ಹಾಳಾಯ್ತು!”

“ಕೆಟ್ಟ ಗಾಜಿಗೆ ಬಳ್ದವ್ರೆ ಅಂದ್ರಲ್ಲ ದೇವಣ್ಣನೋರೆ?”

ದೇವಣ್ಣ ಕೆಮ್ಮಿದ. “ಅದು... ಯಾಪಾರದಲ್ಲಿ ಬರೋ ಮಾತು. ಈಗ್ಲಾದ್ರೂ ನಂದೇ ತಕೊ.”

ವೆಂಕಟಸ್ವಾಮಿಗೆ ರೇಗಿತು. “ನಿಮ್ದು ಯಾಕ್ ತಕಂಡಾಳು ಸಾ? ಇಂಥದ್ದೇ ಇನ್ನೊಂದು ನಂಗೂ ತಂದ್ಕೊಡು ಅಂತ ಓದ್ ವಾರ ನೀವು ಯೋಳ್ಲಿಲ್ವಾ?”

ದೇವಣ್ಣ ಕಂಬಕ್ಕೆ ಒರಗಿ ಬೀದಿ ನೋಡತೊಡಗಿದ.

“ನಿಂಗೆ ಗೀರು ಕಾಣ್ಲಿಲ್ವಾ ಅಣ್ಣ?” ಎಂದು ರುದ್ರಾಣಿ ವೆಂಕಟಸ್ವಾಮಿಯ ಕಡೆ ತಿರುಗಿದಳು.

“ಕಾಣ್ದೆ ಏನು! ನಿನ್ ಮನ್ಸಿಗೆ ನೋವಾಯ್ತದ ಅಂತ...”

ಒಬ್ಬನಿಗೆ ಗಾಜು ಗೊತ್ತಿರಲಿಲ್ಲ. ಗೊತ್ತಿದ್ದವನು ನಿಜ ಹೇಳಿರಲಿಲ್ಲ. ಆದರೆ ಆ ಗಾಜನ್ನು ಕೆಡಿಸಿದ್ದು ಅವರಿಬ್ಬರೂ ಅಲ್ಲ.

“ಉಜ್ಜಿದ್ದು ನಾನು. ಸೀರೆ ನೀನೇ ಇಟ್ಕೊ ಅಣ್ಣ. ಇದು ನಂದು. ಮಾಂಬಳ್ಳಿ ಶಿವರತ್ನಮ್ಮನ ಮಗಳ ಫೋಟೋ ಇದ್ರಲ್ಲೇ ತೆಗಿತೀನಿ” ಎಂದು ಯಾಶಿಕಾದ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡಳು.

“ಹುಚ್ಚಾ ನಿಂಗೆ?” ದೇವಣ್ಣ ಅಡ್ಡ ಬಂದ. “ಈ ಗೀರಲ್ಲಿ ಆ ಹೆಣ್ಮಗ ಮಂಜಲ್ಲಿ ಕುಂತಂಗೆ ಬತ್ತಾಳೆ.”

“ಬಿಸಿಲು ಬೆನ್ನಿಗೆ ಬರಂಗೆ ನಿಂತ್ಕತೀನಿ. ಗಾಜಿಗೆ ಬಿಸಿಲು ಬಿದ್ರೆ ತಾನೆ ಮಂಜು?”

“ರೋಲು ತೊಳ್ಯೋಕೆ ನನ್ನತ್ರಕ್ಕೇ ಬರ್ಬೇಕಲ್ಲವ್ವ.”

“ಮೈಸೂರಿಗೆ ಓಯ್ತೀನಿ.”

“ಮೈಸೂರಿನೋರೇನು ಸತ್ಯವಂತರಾ?”

“ಅವ್ರನ್ನೂ ನಂಬಲ್ಲ. ತೊಳ್ಯೋವರ್ಗೂ ಬಾಗ್ಲಲ್ಲೇ ನಿಂತಿರ್ತೀನಿ.”

ರಂಗಮ್ಮ ಒಳಗಿನಿಂದ ಕಿಸಕ್ಕೆಂದು ನಕ್ಕಳು. ರುದ್ರಾಣಿ ಜಗುಲಿ ಇಳಿದಳು.

“ಆಗ್ಲಿ, ಇದೊಂದ್ ಮಾತಾದ್ರೂ ಕೇಳ್ಕೊಂಡು ಓಗು” ದೇವಣ್ಣನ ದನಿ ಈಗ ಮೆತ್ತಗಾಗಿತ್ತು. “ಎದುರು ಬೆಳಕಿದ್ರೆ ಗಾಜಿಗೆ ಕೈ ಅಡ್ಡ ಹಿಡಿ. ಆದ್ರೆ ಬೆರಳು ಮಾತ್ರ ಫೋಟೋದೊಳಕ್ಕೆ...”

ಈ ಮಾತು ನಿಜವೋ ಸುಳ್ಳೋ ಎಂದು ನೋಡಲು ಅವಳು ನಿಲ್ಲಲಿಲ್ಲ. ಕ್ಯಾಮೆರಾ ಎದೆಗೆ ಬಡಿಯದಂತೆ ಒತ್ತಿ ಹಿಡಿದು, ಮಾಂಬಳ್ಳಿಯ ಮೇಲೆ ಹಾದುಹೋಗುವ ಯಳಂದೂರಿನ ಬಸ್ಸು ನಿಲ್ಲುವ ಕಡೆಗೆ ಬಿರಬಿರನೆ ನಡೆದಳು.