ಹಳೆಯ ವ್ಯಾನಿನಲ್ಲಿ ಉಳಿದುಹೋದ ಒಂಬತ್ತು ವರ್ಷ

ದಿಬ್ಬೂರಹಳ್ಳಿಯ ಚಾಕಿ ಕೇಂದ್ರದ ಮುಂದೆ ಇನ್ನೂ ಬೆಳಕು ಹರಿದಿಲ್ಲ. ಮುನಿನಾರಾಯಣಪ್ಪ ತಮ್ಮ ಬಿಳಿ ಓಮ್ನಿ ವ್ಯಾನಿನ ಹಿಂಬಾಗಿಲು ಎತ್ತಿ, ತಲೆಯನ್ನು ಒಳಗೆ ತೂರಿಸಿ ಮೂಸುತ್ತಾರೆ. ಪೆಟ್ರೋಲಿನ ವಾಸನೆ ಇಲ್ಲ. ಬೀಡಿ ವಾಸನೆ ಇಲ್ಲ. ನಿನ್ನೆ ಕೈವಾರಕ್ಕೆ ಕರೆದುಕೊಂಡು ಹೋಗಿದ್ದ ಹೆಣ್ಣುಮಕ್ಕಳ ಮಲ್ಲಿಗೆ ಘಮವೂ ಆರಿಹೋಗಿದೆ. ಸಮಾಧಾನವಾದ ಮೇಲೆ ಕೈಕಾಲು ತೊಳೆದು, ಒದ್ದೆ ಗೋಣಿತಾಟು ಹಾಸಿ, ಹುಳುವಿನ ತಟ್ಟೆಗಳನ್ನು ಒಂದೊಂದಾಗಿ ಒಳಗಿಡುತ್ತಾರೆ. ಎಲ್ಲ ಡ್ರೈವರುಗಳೂ ಗಾಡಿಗೆ ಊದುಬತ್ತಿ ಹಚ್ಚಿ ಹೊರಟರೆ, ಇವರು ಊದುಬತ್ತಿ ಕಂಡರೆ ಮೈಲಿ ದೂರ ಓಡುವ ಆಸಾಮಿ. ತಲೆಗೆ ಎಣ್ಣೆ ಹಚ್ಚುವುದೂ ಭಾನುವಾರ ಮಾತ್ರ, ಅದೂ ಬಾಡಿಗೆ ಇಲ್ಲದಿದ್ದರೆ.

ತಟ್ಟೆಯಲ್ಲಿರುವುದು ಚಾಕಿ ಹುಳು. ಮೊಟ್ಟೆಯೊಡೆದು ಬಂದ ರೇಷ್ಮೆ ಹುಳುವನ್ನು ಎರಡು ಬಾರಿ ಪೊರೆ ಬಿಡುವ ತನಕ ಕೇಂದ್ರದಲ್ಲಿ ಸಾಕಿ, ಆಮೇಲೆ ರೈತರ ಮನೆಗೆ ಕಳಿಸುತ್ತಾರೆ. ಹಸುಗೂಸಿನ ಜಾತಿ ಅದು. ಬಿಸಿಲು ತಾಗಬಾರದು, ಹೊಗೆ, ಗಾಢ ವಾಸನೆ ತಾಗಬಾರದು, ಕುಲುಕಬಾರದು. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿಗಳಿಗೆ, ಕೆಲವೊಮ್ಮೆ ಗೌರಿಬಿದನೂರಿನ ತನಕ ಈ ಕೂಸುಗಳನ್ನು ಮುಟ್ಟಿಸುವುದು ಮುನಿನಾರಾಯಣಪ್ಪನವರ ಬೆಳಗಿನ ಕಸುಬು. ಹೊತ್ತೇರಿದ ಮೇಲೆ ಸೀಟು ಹಾಕಿಕೊಂಡು ಜನರ ಬಾಡಿಗೆ. ಹುಳು ಇದ್ದಾಗ ವ್ಯಾನು ಮೂವತ್ತರ ವೇಗ ದಾಟುವುದಿಲ್ಲ. ಹಿಂದಿನಿಂದ ಬಸ್ಸಿನವರು ಹಾರ್ನು ಹೊಡೆದು ಹೊಡೆದು, ಬಾಯಿಗೆ ಬಂದದ್ದು ಅಂದು ಮುಂದೆ ಹೋಗುತ್ತಾರೆ. ಇವರು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಕೇಂದ್ರ ನಡೆಸುವ ಶ್ಯಾಮಲಮ್ಮ ಹೊಗಳುವುದರಲ್ಲಿ ಬಲು ಜಿಪುಣೆ. ಅಂಥವರೇ ತಟ್ಟೆ ಎತ್ತಿಕೊಡುತ್ತಾ ಹೇಳುತ್ತಾರೆ: "ಮುನಿನಾರಾಯಣಪ್ಪ ಗಾಡಿ ಓಡ್ಸಲ್ಲ, ತೊಟ್ಟಿಲು ತೂಗ್ತಾನೆ. ಅವನು ಬರ್ದಿದ್ರೆ ನಾನು ಹುಳ ಕಳ್ಸೋದೇ ಇಲ್ಲ."

ಈ ಹೊಸ ವ್ಯಾನಿನಲ್ಲಿ ಮಾತ್ರ ತಟ್ಟೆಗಳು ನೆಲದ ಮೇಲೆ ಒಂದೇ ಸಾಲು. ಎರಡಂತಸ್ತು ಮಾಡಿ ಇಡಲು ಕಬ್ಬಿಣದ ಚೌಕಟ್ಟು ಬೇಕು. ಅದು ಇಲ್ಲ. ಹಾಗಾಗಿ ಒಂದೇ ಸುತ್ತಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಎರಡು ಸುತ್ತು. ಎರಡನೆಯದು ಮುಗಿಯುವಾಗ ಬಿಸಿಲು ಬಂದಿರುತ್ತದೆ. ಮುನಿನಾರಾಯಣಪ್ಪ ಕಿಟಕಿಗೆ ಒದ್ದೆ ಪಂಚೆ ಕಟ್ಟಿಕೊಂಡು, ಹಲ್ಲುಕಚ್ಚಿಕೊಂಡು ಓಡಿಸುತ್ತಾರೆ. ಚೌಕಟ್ಟು ಯಾಕಿಲ್ಲ ಎಂದು ಕೇಳಿದರೆ ಅವರು ಹೊಸ ವ್ಯಾನಿನ ಕಥೆ ಹೇಳುವುದಿಲ್ಲ. ಹಳೆಯದರ ಕಥೆ ಶುರು ಮಾಡುತ್ತಾರೆ.

ಹಳೆಯದೂ ಓಮ್ನಿಯೇ. ತೊಂಬತ್ತೆಂಟರಲ್ಲಿ ಕೊಂಡದ್ದು. ಅದಕ್ಕೂ ಮೊದಲು ಅವರು ಯಾರ್ಯಾರದೋ ಲಾರಿ, ಯಾರ್ಯಾರದೋ ಜೀಪು ಓಡಿಸಿದವರು. ತಾತ ಮುತ್ತಾತನ ಕಾಲದಿಂದ ಮನೆಯಲ್ಲಿ ಚಕ್ರವಿರುವ ಒಂದು ವಸ್ತು ಇರಲಿಲ್ಲ, ಎತ್ತಿನ ಗಾಡಿಯೂ ಇರಲಿಲ್ಲ. ವ್ಯಾನು ಮನೆ ಮುಂದೆ ನಿಂತ ದಿನ ಹೆಂಡತಿ ಕೊಂಡಮ್ಮ ಕೇರಿಯವರನ್ನೆಲ್ಲ ಕರೆದು ಪಾಯಸ ಹಂಚಿದರಂತೆ. ಪಕ್ಕದ ಬಾಗಿಲನ್ನು ಸ್ವಲ್ಪ ಮೇಲೆತ್ತಿ ಎಳೆದರೆ ಮಾತ್ರ ಮುಚ್ಚುತ್ತಿತ್ತು. ಎರಡನೇ ಗೇರು ಚಳಿಗಾಲದಲ್ಲಿ ಮುನಿಸಿಕೊಳ್ಳುತ್ತಿತ್ತು. ಇವನ್ನೆಲ್ಲ ಹೇಳುವಾಗ ಅವರ ಮುಖ ನೋಡಬೇಕು, ಬೆಳೆದು ಊರು ಬಿಟ್ಟ ಮಗಳ ತುಂಟತನ ಹೇಳಿಕೊಂಡ ಹಾಗಿರುತ್ತದೆ.

ಒಂಬತ್ತು ವರ್ಷಕ್ಕೂ ಮಿಕ್ಕಿ ಓಡಿದ ಆ ವ್ಯಾನು ಯಾರಿಗೂ ಗುದ್ದಲಿಲ್ಲ, ಯಾರಿಂದಲೂ ಗುದ್ದಿಸಿಕೊಳ್ಳಲಿಲ್ಲ. ಇದನ್ನು ಊರಿನಲ್ಲಿ ಯಾರಾದರೂ ಗಮನಿಸಿದರೇ? ಇಲ್ಲವೇ ಇಲ್ಲ. ಗುದ್ದಿದವನ ಹೆಸರು ನಾಲ್ಕೂರಿಗೆ ಗೊತ್ತಾಗುತ್ತದೆ, ಗುದ್ದದವನ ಹೆಸರು ಯಾರಿಗೆ ಬೇಕು! ಗಮನಿಸಿದ್ದು ವಿಮಾ ಕಂಪನಿ ಒಂದೇ. ಪರಿಹಾರ ಕೇಳದೆ ಕಳೆದ ಪ್ರತಿ ವರ್ಷಕ್ಕೂ ಕಂತಿನಲ್ಲಿ ಒಂದಿಷ್ಟು ರಿಯಾಯಿತಿ ಸಿಗುತ್ತದೆ. ಅದಕ್ಕೆ ನೋ ಕ್ಲೇಮ್ ಬೋನಸ್ ಎನ್ನುತ್ತಾರೆ. ಅದು ವರ್ಷ ವರ್ಷವೂ ಏರಿ, ಗಾಡಿಗೇ ಆಗುವ ಹಾನಿಗೆಂದು ಕಟ್ಟುವ ಭಾಗದಲ್ಲಿ ಅರ್ಧಕ್ಕರ್ಧ ಕಡಿತವಾಗುವ ತನಕ ಬಂದು ನಿಂತಿತ್ತು. ಏಜೆಂಟ್ ಮುರಳಿಮೋಹನ್ ಪ್ರತಿ ಸಲ ಮನೆಗೆ ಬಂದು, ಕಾಫಿ ಕುಡಿದು, ಈ ಭಾಗದಲ್ಲಿ ನಿಮ್ಮಷ್ಟು ಬೋನಸ್ ಇರುವ ಟ್ಯಾಕ್ಸಿಯವರು ಇನ್ನೊಬ್ಬರಿಲ್ಲ ಎಂದು ಹೇಳಿ ಹೋಗುತ್ತಿದ್ದರು. ಉಳಿದ ದುಡ್ಡಿಗಿಂತ ಆ ಮಾತು ಮುನಿನಾರಾಯಣಪ್ಪನವರಿಗೆ ಹೆಚ್ಚು ರುಚಿಸುತ್ತಿತ್ತು.

ಹಾಗಿದ್ದರೆ ಮಾರಿದ್ದು ಯಾಕೆ? ಹುಳುವಿಗಾಗಿ. ಕಳೆದ ವರ್ಷ ವ್ಯಾನಿನ ನೆಲವೂ ತಟ್ಟೆಯ ಚೌಕಟ್ಟೂ ತುಕ್ಕು ಹಿಡಿದು, ಸೈಲೆನ್ಸರಿನ ಹೊಗೆ ಸಣ್ಣಗೆ ಒಳಗೆ ಬರತೊಡಗಿತು. ಎಷ್ಟು ಸಲ ವೆಲ್ಡಿಂಗ್ ಮಾಡಿಸಿದರೂ ಇನ್ನೊಂದು ಕಡೆ ಬಿರುಕು. ಒಂದು ದಿನ ಕದಿರಮ್ಮ ಎಂಬ ರೈತ ಹೆಣ್ಣುಮಗಳ ಮನೆಗೆ ಮುಟ್ಟಿಸಿದ ಹುಳು ಸೊಪ್ಪು ಹಾಕಿದರೂ ಬಾಯಿ ಹಾಕಲಿಲ್ಲ. ಎರಡು ದಿನದಲ್ಲಿ ತಟ್ಟೆಗೆ ತಟ್ಟೆಯೇ ಹೋಯಿತು. ಆಕೆ ಇವರನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು ಎನ್ನುತ್ತಾರೆ ಮುನಿನಾರಾಯಣಪ್ಪ. ಅವತ್ತೇ ವ್ಯಾನು ಮಾರುವುದೆಂದು ತೀರ್ಮಾನಿಸಿದರು.

ಕೊಂಡವರು ಮುರುಗಮಲ್ಲದ ಚೆನ್ನರಾಯಪ್ಪ. ದರ್ಗಾಕ್ಕೆ ಬರುವ ಜನರನ್ನು ಬಸ್‌ಸ್ಟ್ಯಾಂಡಿಗೆ, ಅಕ್ಕಪಕ್ಕದ ಊರಿಗೆ ಕರೆದೊಯ್ಯಲು ಅವರಿಗೊಂದು ಗಾಡಿ ಬೇಕಿತ್ತು. ಹೊಗೆಯ ವಿಷಯ ಮುಚ್ಚಿಡದೆ ಹೇಳಿಯೇ ಮಾರಿದರು. ಕೊಂಡಮ್ಮನ ತವರಿನಲ್ಲಿ ಒಂದು ಪದ್ಧತಿ ಇದೆ. ಹಸು ಮಾರಿದರೆ ಹಗ್ಗ ಕೊಡುವುದಿಲ್ಲ. ಹಗ್ಗ ಉಳಿದರೆ ಕೊಟ್ಟಿಗೆಯ ಭಾಗ್ಯ ಉಳಿಯುತ್ತದೆಂಬ ನಂಬಿಕೆ. ಅದರಂತೆ ಕೊಂಡಮ್ಮ ವ್ಯಾನಿನ ಕನ್ನಡಿಗೆ ಕಟ್ಟಿದ್ದ ಅರಿಶಿನದ ದಾರ ಬಿಚ್ಚಿ ದೇವರ ಗೂಡಿನಲ್ಲಿಟ್ಟುಕೊಂಡರು. ಕಾಗದ ಪತ್ರಗಳನ್ನು ಮಾತ್ರ ಒಂದೂ ಬಿಡದೆ, ತಟ್ಟೆಯಲ್ಲಿ ಎಲೆ ಅಡಿಕೆ ಸಮೇತ ಇಟ್ಟು ಚೆನ್ನರಾಯಪ್ಪನವರ ಕೈಗೆ ಕೊಟ್ಟರು. ಕಾಗದ ಹಿಡಿದಿಟ್ಟುಕೊಂಡರೆ ಕೊಂಡವನಿಗೆ ಕೆಟ್ಟದ್ದು ಬಯಸಿದ ಹಾಗೆ ಅಲ್ಲವೇ! ಮನೆಯ ನಿಜವಾದ ಭಾಗ್ಯ ಆ ಕಾಗದದಲ್ಲೇ ಇತ್ತೆಂದು ಗಂಡ ಹೆಂಡತಿ ಇಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ಕಳೆದ ಮಾರ್ಚಿನಲ್ಲಿ, ಹೊಸ ವ್ಯಾನಿನ ಶೋರೂಮಿನಲ್ಲಿ. ಹಳೆಯ ಗಾಡಿಯ ವಿಮೆಗೆ ಕಟ್ಟುತ್ತಿದ್ದ ಕಂತಿನ ಅಂದಾಜಿನ ಮೇಲೆ ಇವರು ದುಡ್ಡು ತಂದಿದ್ದರು. ಶೋರೂಮಿನವರು ಕೇಳಿದ್ದು ಅದರ ಎರಡರಷ್ಟನ್ನೂ ಮೀರಿತ್ತು. ಹೊಸ ಗಾಡಿಯ ಬೆಲೆ ಜಾಸ್ತಿ, ಅದಕ್ಕೆ ಕಂತೂ ಜಾಸ್ತಿ. ಬೋನಸ್ಸಿನ ಜಾಗದಲ್ಲಿ ಸೊನ್ನೆ. ಹಳೆಯ ಪಾಲಿಸಿ ಇನ್ನೂ ನಿಮ್ಮ ಹೆಸರಿನಲ್ಲೇ ಆ ಗಾಡಿಯ ಜೊತೆ ಓಡಾಡುತ್ತಿದೆ, ನಿಮಗೆ ಯಾವ ರಿಯಾಯಿತಿಯೂ ಬರುವುದಿಲ್ಲ ಎಂದುಬಿಟ್ಟರು. ಚೌಕಟ್ಟಿಗೆಂದು ಎತ್ತಿಟ್ಟಿದ್ದ ದುಡ್ಡನ್ನು ಪೂರ್ತಿ ಅಲ್ಲೇ ಸುರಿದು ಗಾಡಿ ಬಿಡಿಸಿಕೊಂಡು ಬಂದರು. ದುಡ್ಡು ಹೋದದ್ದಕ್ಕೆ ಹೊಟ್ಟೆ ಉರಿಯಿತು, ನಿಜ. ಆದರೆ ನಿದ್ದೆಗೆಡಿಸಿದ್ದು ಆ ಸೊನ್ನೆ.

"ಸೊನ್ನೆ ಅಂದ್ರೆ ಏನರ್ಥ ಸಾರ್? ನಾನು ನಿನ್ನೆ ಸ್ಟೀರಿಂಗ್ ಹಿಡಿದೋನು ಅಂತ ತಾನೆ? ಅಷ್ಟು ವರ್ಷ ರಸ್ತೇಲಿ ನಾಯಿಮರಿಗೂ ತಾಗಿಸ್ದೆ ಓಡ್ಸಿದ್ನಲ್ಲ, ಅದೆಲ್ಲ ಎಲ್ಲಿಗೋಯ್ತು?"

ಚಿಕ್ಕಬಳ್ಳಾಪುರದ ವಿಮಾ ಕಚೇರಿಯ ಅಧಿಕಾರಿ ಕೂರಿಸಿ ಬಿಡಿಸಿ ಹೇಳಿದರಂತೆ. ಬೋನಸ್ಸು ಗಾಡಿಯದಲ್ಲ, ಓಡಿಸಿದ ಮಾಲೀಕನದು. ಆದರೆ ಒಂದೇ ಬೋನಸ್ಸು ಎರಡು ಗಾಡಿಯ ಮೇಲೆ ಇರಲಾಗದು. ಕೊಂಡವರು ಬಂದು ಹಳೆಯ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡು, ಉಳಿದ ತಿಂಗಳುಗಳ ರಿಯಾಯಿತಿಯನ್ನು ವಾಪಸ್ ಕಟ್ಟಬೇಕು. ಆಗ ಇವರ ಬೋನಸ್ಸು ಇವರಿಗೆ ಬಿಡುಗಡೆಯಾಗುತ್ತದೆ. ಈ ವರ್ಷದ ಪಾಲಿಸಿ ಬರೆದಾಗಿದೆ, ಅದನ್ನು ತಿದ್ದಲಾಗದು; ಬರುವ ಮಾರ್ಚಿನ ನವೀಕರಣಕ್ಕೆ ಸೇರಿಸಬಹುದು, ಅದೂ ಅಷ್ಟರೊಳಗೆ ಹೊಸ ಗಾಡಿಯ ಮೇಲೆ ಒಂದೂ ಕ್ಲೇಮು ಆಗದಿದ್ದರೆ. ಇಷ್ಟು ಕೇಳಿಕೊಂಡು ಹೊರಗೆ ಬಂದ ಮುನಿನಾರಾಯಣಪ್ಪನವರಿಗೆ ಇನ್ನೊಂದು ಸಂಕಟ ಶುರುವಾಯಿತು. ಎಲೆ ಅಡಿಕೆ ಇಟ್ಟು ಕೊಟ್ಟದ್ದನ್ನು ಯಾವ ಬಾಯಲ್ಲಿ ಕೇಳುವುದು?

ವಾರ ಮೀನಮೇಷ ಎಣಿಸಿ ಕೊನೆಗೆ ಮುರುಗಮಲ್ಲಕ್ಕೆ ಹೋದರು. ಹಳೆಯ ವ್ಯಾನು ಚೆನ್ನರಾಯಪ್ಪನವರ ಮನೆ ಮುಂದೆ ನಿಂತಿತ್ತು. ಬಾಗಿಲಿಗೆ ಹೊಸ ಹಸಿರು ಪಟ್ಟೆ ಬಳಿದಿದ್ದರು. ವಿಷಯ ಕೇಳಿದ ಚೆನ್ನರಾಯಪ್ಪ ಸಿಡುಕಿದರು. ಅವರದೂ ತಪ್ಪಲ್ಲ ಬಿಡಿ. ಕೊಳ್ಳುವಾಗ ಯಾರೂ ಹೇಳದಿದ್ದ ಖರ್ಚನ್ನು ಈಗ ತಂದು ಮುಂದಿಟ್ಟರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ?

"ನಂಗ್ಯಾಕಣ್ಣ ಈ ತಾಪತ್ರಯ? ಬೇಕಾದ್ರೆ ನಿನ್ ಗಾಡಿ ನೀನೇ ವಾಪಸ್ ತಗೊಂಡೋಗು, ನನ್ ದುಡ್ಡು ನಂಗ್ಕೊಡು," ಎಂದು ಕೀಲಿಕೈಯನ್ನು ಇವರ ಅಂಗೈಗೆ ಹಾಕಿದರು.

ಮುನಿನಾರಾಯಣಪ್ಪ ಕೀಲಿ ಹಿಡಿದು ವ್ಯಾನಿನ ಕಡೆ ನಡೆದರು. ಒಂದು ಸುತ್ತು ಓಡಿಸಿಕೊಂಡು ಬರ್ತೀನಿ ಎಂದಷ್ಟೇ ಹೇಳಿ, ಬಾಗಿಲು ಮೇಲೆತ್ತಿ ಎಳೆದುಕೊಂಡು ಒಬ್ಬರೇ ಹೊರಟರು. ಬಸ್‌ಸ್ಟ್ಯಾಂಡಿನ ತನಕ ಹೋಗಿ ಅಲ್ಲಿಂದ ತಿರುಗಲು ಮನಸ್ಸಾಗದೆ ಚಿಂತಾಮಣಿ ರಸ್ತೆಗೆ ಇಳಿದರು. ಹೊಸ ವ್ಯಾನನ್ನು ಯಾರಿಗಾದರೂ ಕೊಟ್ಟುಬಿಡೋಣ, ಇದರಲ್ಲೇ ಸಾಯೋ ತನಕ ಇದ್ದುಬಿಡೋಣ ಅನ್ನಿಸಿತಂತೆ. ಐವತ್ತು ದಾಟಿದ ಗಂಡಸು, ಸ್ಟೀರಿಂಗ್ ಮೇಲೆ ಕೈಯಿಟ್ಟು ರಸ್ತೆ ಬದಿ ಗಾಡಿ ನಿಲ್ಲಿಸಿ ಅತ್ತದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾರೆ.

"ಅಷ್ಟೊತ್ತಿಗೆ ಹೊಗೆ ಸಣ್ಣಗೆ ಮೂಗಿಗೆ ಬಂತು ಸಾರ್. ಬರ್ದಿದ್ರೆ ದೇವರಾಣೆಗೂ ತಂದ್ಬಿಡ್ತಿದ್ದೆ. ಕದಿರಮ್ಮನ ಮನೆ ತಟ್ಟೆಗಳು ಕಣ್ಮುಂದೆ ಬಂದ್ವು. ಇದ್ರಲ್ಲಿ ಇನ್ನು ಹುಳ ಹಾಕೋ ಹಂಗಿಲ್ಲ, ಹುಳ ಹಾಕ್ದೆ ನಾನಿದ್ದೇನು ಮಾಡ್ಲಿ ಅಂತ ತಿರುಗಿಸ್ಕೊಂಡ್ಬಂದೆ."

ಕೀಲಿ ವಾಪಸ್ ಕೊಟ್ಟು, ವಾಪಸ್ ಕಟ್ಟಬೇಕಾದ ರಿಯಾಯಿತಿಯ ದುಡ್ಡನ್ನು ತಾವೇ ಹಾಕುವುದಾಗಿ ಹೇಳಿದರು. ಚೆನ್ನರಾಯಪ್ಪನವರ ಸಿಟ್ಟು ಇಳಿಯಿತು. ಇಬ್ಬರೂ ಒಟ್ಟಿಗೆ ಚಿಕ್ಕಬಳ್ಳಾಪುರಕ್ಕೆ ಹೋಗಿ ಸಹಿ ಹಾಕಿದರು. ಅವತ್ತಿನ ಅವರ ಬಾಡಿಗೆ ನಷ್ಟವನ್ನೂ ತುಂಬಿಕೊಟ್ಟು, ಊಟವನ್ನೂ ಹಾಕಿಸಿ ಮುನಿನಾರಾಯಣಪ್ಪ ಮನೆಗೆ ಬಂದರು. ದುಡ್ಡು ಉಳಿಸಲು ಹೋಗಿ ಇನ್ನಷ್ಟು ಕಳೆದುಕೊಂಡು ನಗುನಗುತ್ತಾ ಬಂದ ಗಂಡಸನ್ನು ತಾನೆಲ್ಲೂ ಕಂಡಿಲ್ಲ ಎಂದು ಕೊಂಡಮ್ಮ ಇವತ್ತಿಗೂ ಹಂಗಿಸುತ್ತಾರೆ. ಹಂಗಿಸುತ್ತಲೇ ಮಾರ್ಚಿಗೆ ಇನ್ನೆಷ್ಟು ದಿನ ಎಂದು ಕ್ಯಾಲೆಂಡರ್ ನೋಡುವವರೂ ಅವರೇ.

ಇಷ್ಟಾದರೂ ವಿಧಿ ಸುಮ್ಮನಿರಬೇಕಲ್ಲ! ದೀಪಾವಳಿ ಮುಗಿದ ವಾರ, ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯ ಹತ್ತಿರ ಹಿಂದಕ್ಕೆ ಬಂದ ಟ್ರ್ಯಾಕ್ಟರೊಂದು ನಿಂತಿದ್ದ ಹೊಸ ವ್ಯಾನಿನ ಪಕ್ಕದ ಬಾಗಿಲನ್ನು ಜಜ್ಜಿ ಹಾಕಿತು. ಟ್ರ್ಯಾಕ್ಟರಿನವನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮಾಯ. ಗ್ಯಾರೇಜಿನವರು, ಫುಲ್ ಇನ್ಶೂರೆನ್ಸ್ ಇದೆಯಲ್ಲ, ಕ್ಲೇಮು ಹಾಕಿ, ಬಾಗಿಲನ್ನೇ ಬದಲಾಯಿಸೋಣ ಎಂದರು. ಏಜೆಂಟ್ ಮುರಳಿಮೋಹನ್ ಕೂಡ, ತಪ್ಪು ನಿಮ್ಮದಲ್ಲ, ಯೋಚನೆ ಮಾಡಿ ಎಂದರಂತೆ. ಯಾರ ತಪ್ಪಾದರೂ ಸರಿ, ಕ್ಲೇಮು ಹಾಕಿದರೆ ಕ್ಲೇಮೇ. ಅಷ್ಟು ಕಷ್ಟಪಟ್ಟು ಬಿಡಿಸಿಕೊಂಡು ಬಂದ ಬೋನಸ್ಸು ಒಂದೇ ಬಾಗಿಲಿಗೆ ಹೊರಟುಹೋಗುತ್ತಿತ್ತು. ಮುನಿನಾರಾಯಣಪ್ಪ ಒಂದು ಸುತ್ತಿಗೆ, ಒಂದು ಮರದ ತುಂಡು ಹಿಡಿದು ಬಾಗಿಲು ಜಾರುವಷ್ಟು ಮಾತ್ರ ತಟ್ಟಿಕೊಂಡರು.

ಈಗ ಮೊದಲ ಸುತ್ತು ಮುಗಿದಿದೆ. ಮೂಡಣದಲ್ಲಿ ಬೆಳಕು ಬಲಿಯುತ್ತಿದೆ. ಶ್ಯಾಮಲಮ್ಮ ಎರಡನೇ ಸುತ್ತಿನ ತಟ್ಟೆಗಳನ್ನು ಹೊರಗೆ ತಂದಿಟ್ಟಿದ್ದಾರೆ. ಹೊಸ ವರ್ಷದಲ್ಲಿ ಏನು ಆಸೆ ಎಂದರೆ ಚೌಕಟ್ಟು ಮಾಡಿಸಬೇಕು ಎನ್ನುತ್ತಾರೆ ಮುನಿನಾರಾಯಣಪ್ಪ, ಕಂತಿನಲ್ಲಿ ಉಳಿಯುವ ದುಡ್ಡು ಅದಕ್ಕೇ ಮೀಸಲಂತೆ. ಅಷ್ಟಕ್ಕೇ ನಿಲ್ಲಿಸಿ ಇಂಜಿನ್ ಶುರು ಮಾಡಿದವರು, ಗೇರು ಹಾಕುವ ಮೊದಲು ಕಿಟಕಿಯಿಂದ ತಲೆ ಹೊರಗೆ ಹಾಕುತ್ತಾರೆ.

"ಆ ಗಾಡಿ ಇನ್ನು ನಂಗೆ ಸಿಗಲ್ಲ ಸಾರ್, ಗೊತ್ತು. ಆದ್ರೆ ಮಾರ್ಚಿಗೆ ಈ ಗಾಡಿ ಕಾಗದದಲ್ಲಿ ಬೋನಸ್ ಅಂತ ಬರೆಯೋ ಜಾಗದಲ್ಲಿ ಸೊನ್ನೆ ಹೋಗಿ ಐವತ್ತು ಅಂತ ಬೀಳುತ್ತಲ್ಲ, ಅದು ಆ ಗಾಡೀಲಿ ಓಡ್ಸಿದ್ದು. ಅಷ್ಟಾದ್ರೂ ನನ್ ಜೊತೆ ಇರ್ಲಿ."