ದಕ್ಷಿಣದ ಬಾಗಿಲಿಗೆ ಅಡ್ಡ ಕಟ್ಟಿದ ಗೋಡೆ

ಹೋದ ಬೇಸಿಗೆಯವರೆಗೆ ನಾನು ಹಾಸನ–ಚನ್ನರಾಯಪಟ್ಟಣ ರಸ್ತೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಪ್ಲಾಂಟ್ ಇಂಜಿನಿಯರ್ ಆಗಿದ್ದೆ. ಬಿತ್ತನೆ ಆಲೂಗಡ್ಡೆ ಇಡುವ ಜಾಗ. ಕೋಣೆಗಳನ್ನು ತಣ್ಣಗಿಡುವುದು ಪೈಪುಗಳಲ್ಲಿ ಹರಿಯುವ ಅಮೋನಿಯಾ. ಅದು ಹೊರಬಂದರೆ ಕಣ್ಣು, ಗಂಟಲು, ಶ್ವಾಸಕೋಶ, ಎಲ್ಲಿ ಪಸೆಯಿದೆಯೋ ಅಲ್ಲೆಲ್ಲ ಸುಡುತ್ತದೆ. ಅದಕ್ಕೇ ಪ್ರತಿ ಕೋಣೆಗೂ ಎರಡು ಬಾಗಿಲು: ಸರಕಿಗೆ ಒಂದು, ಜೀವ ಉಳಿಸಿಕೊಳ್ಳಲು ಇನ್ನೊಂದು.

ಎರಡನೆಯ ಕೋಣೆಯ ತುರ್ತು ಬಾಗಿಲು ದಕ್ಷಿಣಕ್ಕಿತ್ತು. ಮಾಲೀಕರ ಮಗಳಿಗೆ ಗೊತ್ತು ಮಾಡಿದ್ದ ಮದುವೆ ಸಂಬಂಧ ಮುರಿದುಬಿದ್ದಾಗ ಹೊಳೆನರಸೀಪುರದಿಂದ ವಾಸ್ತು ನೋಡುವವರೊಬ್ಬರು ಬಂದು, ಆ ಬಾಗಿಲ ಮುಂದೆ ನಿಂತು ದೋಷ ಇದೇ ಎಂದು ತಲೆಯಾಡಿಸಿದರು. ಮರುದಿನವೇ ಹೊರಗಡೆಯಿಂದ ಅದಕ್ಕೆ ಅಡ್ಡಲಾಗಿ ಇಟ್ಟಿಗೆ ಗೋಡೆ ಎದ್ದಿತು. ದೃಷ್ಟಿಗೆಂದು ಮೇಲೊಂದು ಬೂದುಗುಂಬಳಕಾಯಿ.

“ಸಾರ್, ಗ್ಯಾಸ್ ಲೀಕಾದರೆ ಒಳಗಿರೋರು ಎಲ್ಲಿಂದ ಬರಬೇಕು?” ಎಂದೆ.

“ಮುಂದಿನ ಬಾಗ್ಲಿಲ್ವೇನ್ರೀ? ಹೋದೋರು ಹೋದ್ ಕಡೆಯಿಂದ್ಲೇ ಬತ್ತಾರೆ. ಇಷ್ಟು ಓದಿ ಅಷ್ಟೂ ತಿಳೀದಾ?” ಎಂದು ಮಾಲೀಕರು ನಕ್ಕರು. ಸುತ್ತ ನಿಂತವರೂ ನಕ್ಕರು.

ಆಮೇಲೊಂದು ಬೆಳಿಗ್ಗೆ ಕಟ್ಟಾಯದ ಕಡೆಯಿಂದ ಕೂಲಿಗೆ ಬರುತ್ತಿದ್ದ ಗೌರಮ್ಮ ಮತ್ತು ಜೊತೆಯ ಹೆಂಗಸರು ಆ ಕೋಣೆಯಲ್ಲಿ ಕೊಳೆತ ಗಡ್ಡೆ ಆರಿಸುತ್ತಿದ್ದರು. ಮುಂದಿನ ಬಾಗಿಲ ಮೇಲೆ ಹಾದುಹೋಗುವ ಪೈಪಿನ ವಾಲ್ವ್ ಸೀಳಿಹೋಯಿತು. ನಾನು ಕಂಪ್ರೆಸರ್ ನಿಲ್ಲಿಸಿ, ಮೇನ್ ವಾಲ್ವ್ ಮುಚ್ಚಿ, ಒದ್ದೆ ಟವೆಲ್ ಮುಖಕ್ಕೆ ಕಟ್ಟಿಕೊಂಡು ಮುಂದಿನ ಬಾಗಿಲತ್ತ ನುಗ್ಗಿದೆ. ಬಿಳಿ ಹೊಗೆ ಬಾಗಿಲ ತುಂಬ ನಿಂತಿತ್ತು, ಒಳಗೆ ಕಾಲಿಡಲಾಗಲಿಲ್ಲ. ಕಟ್ಟಡ ಸುತ್ತಿ ದಕ್ಷಿಣಕ್ಕೆ ಓಡಿದೆ.

ಒಳಗಿನವರು ಚಿಲಕ ತೆಗೆದಿದ್ದರು. ಬಾಗಿಲು ಹೊರಕ್ಕೆ ತೆರೆಯುವಂಥದು. ತಳ್ಳುತ್ತಾರೆ, ಗೋಡೆಗೆ ಬಡಿಯುತ್ತದೆ. ಮತ್ತೆ ತಳ್ಳುತ್ತಾರೆ, ಮತ್ತೆ ಬಡಿಯುತ್ತದೆ. ಈಗಲೂ ಮನೆಯಲ್ಲಿ ಗಾಳಿಗೆ ಕದ ಬಡಿದರೆ ನಾನು ಎದ್ದು ನಿಲ್ಲುತ್ತೇನೆ.

“ಲೇ, ಆರೆ ತತ್ತಾರ್ಲಾ!” ಹಮಾಲಿ ನಿಂಗರಾಜ ಕೂಗಿದ. ಹಾರೆಯ ಮೊದಲ ಏಟಿಗೆ ಬಿದ್ದದ್ದು ಕುಂಬಳಕಾಯಿ. ಗೋಡೆ ಬೀಳಲಿಲ್ಲ. ಸಿಮೆಂಟಿಗೆ ಮಾತ್ರ ಜಿಪುಣತನ ಮಾಡಿರಲಿಲ್ಲ. ಅದು ಒಡೆಯುವ ಹೊತ್ತಿಗೆ ಒಳಗಿನ ಬಡಿತ ನಿಂತುಹೋಗಿತ್ತು.

ಎಲ್ಲರನ್ನೂ ಉಸಿರಿರುವಂತೆಯೇ ಹೊರಗೆಳೆದೆವು. ಆದರೆ ತನ್ನ ಸೆರಗನ್ನು ಕುಡಿಯುವ ನೀರಿನಲ್ಲಿ ಅದ್ದಿ ಪಕ್ಕದವಳ ಮುಖಕ್ಕೆ ಒತ್ತಿ ಹಿಡಿದಿದ್ದ ಗೌರಮ್ಮನ ಕಣ್ಣುಗಳು ಸುಟ್ಟಿದ್ದವು. ಒಂದು ಹೋಯಿತು.

ಹಾಸನದ ಆಸ್ಪತ್ರೆಗೆ ಮಾಲೀಕರು ಸೇಬು ಹಿಡಿದು ಬಂದರು. “ನಮ್ ಕೈಲೇನೈತೆ ಗೌರಮ್ಮ? ಎಲ್ಲಾ ಹಣೇಬರಹ.”

“ಊಂ ಯಜಮಾನ್ರೆ, ಇವಳ ಗ್ರಾಚಾರ,” ಎಂದ ಅವಳ ಗಂಡ, ಕೈಕಟ್ಟಿ ನಿಂತು.

ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡಿದ್ದ ಗೌರಮ್ಮ ಗಂಡನ ದನಿ ಬಂದತ್ತ ತಿರುಗಿದಳು. “ನೀ ಸುಮ್ಕಿರು. ಯಜಮಾನ್ರೆ, ಅಣೇಲಿ ಬರ್ಯೋದ ನಾನ್ ನೋಡ್ನಿಲ್ಲ. ನೀವು ಗ್ವಾಡೆ ಕಟ್ಸೋದ ನೋಡಿವ್ನಿ.”

ಮಾಲೀಕರು ಸೇಬನ್ನು ಮಂಚದ ಮೇಲಿಟ್ಟು ಹೊರಟರು; ನಾನೂ ಜೊತೆಗೆ ಹೊರಟೆ. ಹೊರಗೆ ಬಂದ ಮೇಲೆ ಮಾಲೀಕರು ನನ್ನ ಹೆಗಲ ಮೇಲೆ ಕೈಯಿಟ್ಟರು. “ವಿಚಾರಣೆಗೆ ಬಂದೋರ್ಗೆ ವಾಲ್ವ್ ಹಳೇದಾಗಿತ್ತು ಅಂದ್ಬುಡಿ. ಗೋಡೆ ಮಾತು ಯಾಕೆ?”

ಗೋಡೆಯ ಮಾತನ್ನೇ ಮೊದಲು ಹೇಳಿದೆ. ಕೆಲಸ ಹೋಯಿತು.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಮಗಳ ಮದುವೆ ಮುರಿದಾಗ ವಿಧಿಯನ್ನು ಇಟ್ಟಿಗೆಯಿಂದ ತಡೆಯಬಹುದೆಂದು ನಂಬಿದ್ದ ಮನುಷ್ಯನಿಗೆ ಕೂಲಿಯವಳ ಕಣ್ಣು ಹೋದಾಗ ಮಾತ್ರ ತನ್ನ ಕೈಲಿ ಏನೂ ಇಲ್ಲವೆಂದು ಹೊಳೆಯಿತು! ಗೋಡೆ ಏಳುವಾಗ ಅಲ್ಲಿ ಯಾರೂ ವಿಧಿ ಎನ್ನಲಿಲ್ಲ. ಆ ಮಾತು ಬಂದದ್ದು ಸೇಬಿನ ಜೊತೆ.

ಈಗ ಅರಕಲಗೂಡಿನ ಕಡೆ ಒಂದು ಐಸ್ ಫ್ಯಾಕ್ಟರಿಯಲ್ಲಿದ್ದೇನೆ. ದಿನಾ ಕೆಲಸ ಶುರುವಾಗುವ ಮೊದಲು ತುರ್ತು ಬಾಗಿಲು ತಳ್ಳಿ ಹೊರಗೆ ಕಾಲಿಟ್ಟು ನೋಡುತ್ತೇನೆ. ಹುಡುಗರು ನಗುತ್ತಾರೆ. ನಗಲಿ. ಮನುಷ್ಯನ ಕೈಯಲ್ಲಿ ಎಷ್ಟಿದೆಯೋ ನನಗೆ ಗೊತ್ತಿಲ್ಲ. ಈ ಬಾಗಿಲಂತೂ ಕೈಯಲ್ಲಿದೆ.